ಆಫ್ರಿಕಾದ ಬಯಲು ಶಿಕಾರಿಗೆ ಯಾವ ರೈಫಲ್, ಯಾವ ತೋಟಾ?

ನನ್ನ ಮೊದಲ ಆಫ್ರಿಕಾ ಶಿಕಾರಿಗೆ ನಾನು ತಪ್ಪು ರೈಫಲ್ ಒಯ್ದಿದ್ದೆ. ರೈಫಲ್ ಏನೂ ಕೆಟ್ಟದ್ದಲ್ಲ. ಹೊಸ .300 ವಿಂಚೆಸ್ಟರ್ ಮ್ಯಾಗ್ನಮ್ ತೋಟಾ ಹಾಕುವಂಥದ್ದು (ತೋಟಾ ಅಂದರೆ ಮದ್ದು, ಗುಂಡು ಎರಡೂ ಸೇರಿದ ಕಾರ್ಟ್ರಿಡ್ಜ್). ಅದರ ಒದೆತಕ್ಕೆ ನಾನು ಹೆದರುತ್ತಿದ್ದೆ, ಮತ್ತು ಹೆದರುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ನಮೀಬಿಯಾದ ಓಚಿವರೊಂಗೊ ಕಡೆ, ಬೆಳಗ್ಗೆ ಎಂಟು ಗಂಟೆ. 140 ಮೀಟರ್ ದೂರದಲ್ಲಿ ಜೆಮ್ಸ್‌ಬಾಕ್ ಎಂಬ ದೊಡ್ಡ ಜಿಂಕೆ ಥರದ ಪ್ರಾಣಿಯೊಂದು ಅಡ್ಡಲಾಗಿ ನಿಂತಿತ್ತು. ಇದಕ್ಕಿಂತ ಸುಲಭದ ಈಡು ಸಿಗುವುದಿಲ್ಲ. ಕುದುರೆ (ಟ್ರಿಗರ್) ಎಳೆಯುವ ಹೊತ್ತಿಗೆ ಕಣ್ಣು ಮುಚ್ಚಿದೆ, ಭುಜ ಹಿಂದಕ್ಕೆ ಹೋಯಿತು. ಗುಂಡು ಹೊಟ್ಟೆಗೆ ಬಿತ್ತು. ಆಮೇಲೆ ನಾಲ್ಕು ಗಂಟೆ ಮುಳ್ಳುಪೊದೆಗಳ ನಡುವೆ ಜಾಡು ಹಿಡಿದು ನಡೆದೆವು. ಜಾಡು ಹಿಡಿಯುವವನು ಮರಳಿನ ಮೇಲೆ ನನಗೆ ಕಾಣದ್ದನ್ನೆಲ್ಲ ಓದುತ್ತಿದ್ದ, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತ್ತು.

ನನ್ನದು ಸಕಲೇಶಪುರದ ಕಡೆ, ಈಗ ಇರುವುದು ಟೆಕ್ಸಾಸ್‌ನಲ್ಲಿ. ಇಲ್ಲಿ ರೈಫಲ್ ಕೊಂಡುಕೊಂಡ ಕೆಲವು ಕನ್ನಡದ ಗೆಳೆಯರು "ಆಫ್ರಿಕಾಕ್ಕೆ ಯಾವುದು ಒಯ್ಯಲಿ?" ಅಂತ ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿ ಅಪರಾಧ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ ನಿಜ, ಆದರೆ ಅದು ಕೋವಿ ಇಟ್ಟುಕೊಳ್ಳಲು, ಬೇಟೆಗಲ್ಲ. ಇಲ್ಲಿ ಬರೆದಿರುವುದು ಕಾನೂನು ಒಪ್ಪುವ ಕಡೆ, ಲೈಸೆನ್ಸ್ ಇರುವ ವೃತ್ತಿಪರ ಬೇಟೆಗಾರನ ಜೊತೆ ಹೋಗುವವರಿಗೆ ಮಾತ್ರ. ಅವನನ್ನು ಅಲ್ಲಿ ಎಲ್ಲರೂ ಪಿಎಚ್ ಅನ್ನುತ್ತಾರೆ.

ಹೆಜ್ಜೆ 1: ಮೊದಲು ಪ್ರಾಣಿಗಳ ಪಟ್ಟಿ, ಆಮೇಲೆ ರೈಫಲ್

ಬಯಲು ಶಿಕಾರಿ ಅಂದರೆ ಆನೆ, ಕಾಡೆಮ್ಮೆ, ಸಿಂಹ, ಚಿರತೆಯಂಥ ಅಪಾಯದ ಪ್ರಾಣಿಗಳನ್ನು ಬಿಟ್ಟು ಉಳಿದದ್ದು. ಹೆಚ್ಚಾಗಿ ಜಿಂಕೆ ಥರದವು, ಜೊತೆಗೆ ಜೀಬ್ರಾ ಮತ್ತು ವಾರ್ಟ್‌ಹಾಗ್ ಎಂಬ ಕಾಡುಹಂದಿ. ಆದರೆ ಈ ಒಂದೇ ಹೆಸರಿನ ಕೆಳಗೆ ಬರುವ ಪ್ರಾಣಿಗಳ ಗಾತ್ರದಲ್ಲಿ ಆಕಾಶ ಭೂಮಿಯ ವ್ಯತ್ಯಾಸ ಇದೆ.

ಸ್ಪ್ರಿಂಗ್‌ಬಾಕ್ 30ರಿಂದ 45 ಕೆಜಿ. ಇಂಪಾಲ ಗಂಡು 60 ಕೆಜಿ ಆಸುಪಾಸು, ನಮ್ಮ ಚುಕ್ಕೆ ಜಿಂಕೆಯಷ್ಟೇ ಅಂದುಕೊಳ್ಳಿ. ಜೆಮ್ಸ್‌ಬಾಕ್ 200 ಕೆಜಿ ದಾಟುತ್ತದೆ. ಕುಡು ಗಂಡು, ನೀಲಿ ವೈಲ್ಡ್‌ಬೀಸ್ಟ್ ಗಂಡು ಎರಡೂ 250 ಕೆಜಿಯ ಸುತ್ತಮುತ್ತ, ಅಂದರೆ ಬೆಳೆದ ಕಡವೆಯ ತೂಕ. ಜೀಬ್ರಾ 300. ಇನ್ನು ಈಲಂಡ್ ಹೋರಿ ಬಂದರೆ 700 ಕೆಜಿ ಮೀರಿದರೂ ಆಶ್ಚರ್ಯವಿಲ್ಲ. ಅದು ಕಾಟಿಯ ಲೆಕ್ಕ.

ನಿಮ್ಮ ಪಟ್ಟಿಯಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದು? ಅದಕ್ಕೆ ಸಾಕಾಗುವ ರೈಫಲ್ ಆರಿಸಿ. ಚಿಕ್ಕದಕ್ಕೆ ಅದು ತಾನಾಗಿ ಸಾಕಾಗುತ್ತದೆ. ಇಂಪಾಲಕ್ಕೆ ಅಂತ ತೆಗೆದುಕೊಂಡ ರೈಫಲ್ ಕೈಯಲ್ಲಿ ಹಿಡಿದು ಈಲಂಡ್ ಎದುರು ನಿಂತರೆ ಕಷ್ಟ.

ದೂರವನ್ನೂ ಕೇಳಿಕೊಳ್ಳಿ. ದಕ್ಷಿಣ ಆಫ್ರಿಕಾದ ಲಿಂಪೊಪೊ ಕಡೆಯ ಪೊದೆಗಾಡಿನಲ್ಲಿ 60ರಿಂದ 150 ಮೀಟರ್ ಒಳಗೇ ಹೆಚ್ಚಿನ ಈಡು. ಕರೂ ಅಥವಾ ಕಲಹರಿಯ ಬಯಲಿನಲ್ಲಿ ಸ್ಪ್ರಿಂಗ್‌ಬಾಕ್ ಹಿಂದೆ ಹೋದರೆ 250 ಮೀಟರ್ ಮಾಮೂಲು. ಎಲ್ಲಿಗೆ ಹೋಗುತ್ತೀರಿ, ಯಾವ ಪ್ರಾಣಿ, ಎಷ್ಟು ದೂರ ಅಂತ ಪಿಎಚ್‌ಗೆ ಪತ್ರ ಬರೆದು ಕೇಳಿ. ಅವನು ಕೊಡುವ ಉತ್ತರಕ್ಕೆ ಅಂಗಡಿಯವನ ಹತ್ತು ಮಾತಿಗಿಂತ ಬೆಲೆ ಜಾಸ್ತಿ.

ಹೆಜ್ಜೆ 2: ಕಾನೂನಿನ ಕೆಳಮಿತಿ ನೋಡಿ, ಲೆಕ್ಕ ಹಾಕಿ

ನಮೀಬಿಯಾದಲ್ಲಿ ಗುಂಡಿನ ಶಕ್ತಿಗೆ ಕಾನೂನಿನ ಮಿತಿ ಇದೆ, ಜೂಲ್ ಲೆಕ್ಕದಲ್ಲಿ. ಸ್ಪ್ರಿಂಗ್‌ಬಾಕ್‌ನಂಥ ಚಿಕ್ಕ ಪ್ರಾಣಿಗೆ ಕನಿಷ್ಠ 1350 ಜೂಲ್. ಕುಡು, ಜೆಮ್ಸ್‌ಬಾಕ್, ವೈಲ್ಡ್‌ಬೀಸ್ಟ್, ಹಾರ್ಟೆಬೀಸ್ಟ್, ಈಲಂಡ್‌ಗೆ 2700. ಕಾಡೆಮ್ಮೆ, ಆನೆಯಂಥವಕ್ಕೆ 5400.

ಈ ಲೆಕ್ಕವನ್ನು ನೀವೇ ಮಾಡಬಹುದು. ತೋಟಾ ಡಬ್ಬಿಯ ಮೇಲೆ ಗುಂಡಿನ ತೂಕ ಗ್ರೇನ್‌ನಲ್ಲಿ, ವೇಗ ಸೆಕೆಂಡಿಗೆ ಅಡಿಯಲ್ಲಿ ಇರುತ್ತದೆ. ಗ್ರೇನ್ ಅನ್ನು 0.0648ರಿಂದ ಗುಣಿಸಿದರೆ ಗ್ರಾಂ, ಅಡಿಯನ್ನು 0.3048ರಿಂದ ಗುಣಿಸಿದರೆ ಮೀಟರ್. ಗ್ರಾಂ ಅನ್ನು ಸಾವಿರದಿಂದ ಭಾಗಿಸಿ ಕೆಜಿ ಮಾಡಿ. ವೇಗವನ್ನು ವೇಗದಿಂದಲೇ ಗುಣಿಸಿ, ಅದನ್ನು ಕೆಜಿಯಿಂದ ಗುಣಿಸಿ, ಅರ್ಧ ಮಾಡಿ. ಹೈಸ್ಕೂಲಿನ ಭೌತಶಾಸ್ತ್ರವೇ.

.30-06 ಎಂಬ ತೋಟಾದಲ್ಲಿ 180 ಗ್ರೇನ್ ಗುಂಡು 2700 ಅಡಿ ವೇಗದಲ್ಲಿ ಹೊರಡುತ್ತದೆ ಅನ್ನಿ. ಅಂದರೆ 11.66 ಗ್ರಾಂ, 823 ಮೀಟರ್. ಲೆಕ್ಕ ಬರುವುದು ಸುಮಾರು 3950 ಜೂಲ್. ಕುಡುವಿನ ಮಿತಿಗಿಂತ ಬೇಕಾದಷ್ಟು ಮೇಲಿದೆ. ಈಗ ಟೆಕ್ಸಾಸ್‌ನಲ್ಲಿ ಜಿಂಕೆಗೆ ಬಹಳ ಜನ ಬಳಸುವ .243 ನೋಡಿ. 100 ಗ್ರೇನ್, 2960 ಅಡಿ. ಲೆಕ್ಕ ಹಾಕಿದರೆ 2640ರ ಹತ್ತಿರ ನಿಲ್ಲುತ್ತದೆ. ಕೂದಲೆಳೆಯಷ್ಟು ಕಡಿಮೆ, ಆದರೆ ಕಡಿಮೆ ಕಡಿಮೆಯೇ. "ಊರಲ್ಲಿ ಇದರಲ್ಲೇ ಎಷ್ಟು ಜಿಂಕೆ ಹೊಡೆದಿದ್ದೇನೆ" ಅನ್ನುವ ಮಾತು ಅಲ್ಲಿ ನಡೆಯಲ್ಲ.

ಹೆಜ್ಜೆ 3: ತೋಟಾ ಆರಿಸಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ಹತ್ತಿರ ಈಗಾಗಲೇ .30-06 ಅಥವಾ .308 ಇದ್ದರೆ ಅದನ್ನೇ ಒಯ್ಯಿರಿ. ಹೊಸದು ಕೊಳ್ಳಬೇಡಿ. ಆ ದುಡ್ಡಿನಲ್ಲಿ ತೋಟಾ ಕೊಂಡು ಅಭ್ಯಾಸ ಮಾಡಿ.

.30-06 ಹುಟ್ಟಿದ್ದು 1906ರಲ್ಲಿ. 1909ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಪೂರ್ವ ಆಫ್ರಿಕಾಕ್ಕೆ ಹೋದಾಗ ಒಯ್ದ ರೈಫಲ್‌ಗಳಲ್ಲಿ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯ ಈ ತೋಟಾದ್ದೂ ಇತ್ತು. ಇಷ್ಟು ವರ್ಷವಾದರೂ ಬಯಲು ಶಿಕಾರಿಗೆ ಇದನ್ನು ಮೀರಿಸುವ ಒಂದೇ ತೋಟಾ ಹೇಳಿ ಅಂದರೆ ನನಗೆ ತೋಚುವುದಿಲ್ಲ. ಅದೇ ಪ್ರವಾಸದಲ್ಲಿ ರೂಸ್‌ವೆಲ್ಟ್ ಸಿಂಹಕ್ಕೆ ಇಟ್ಟುಕೊಂಡಿದ್ದು .405 ವಿಂಚೆಸ್ಟರ್. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಹೆಗಲಲ್ಲಿ ಇರುತ್ತಿದ್ದದ್ದೂ ಅದೇ. ಹಳೆಯ ಮೈಸೂರಿನ ಕಾಡಿಗೂ ಆಫ್ರಿಕಾದ ಬಯಲಿಗೂ ಅಷ್ಟು ನಂಟು ಇದೆ.

.308 ಬಂದದ್ದು 1952ರಲ್ಲಿ. .30-06ಕ್ಕಿಂತ ಶಕ್ತಿ ಸ್ವಲ್ಪ ಕಡಿಮೆ, ಒದೆತವೂ ಸ್ವಲ್ಪ ಕಡಿಮೆ. ದಕ್ಷಿಣ ಆಫ್ರಿಕಾ, ನಮೀಬಿಯಾದಲ್ಲಿ ಈ ಎರಡರ ತೋಟಾ ಹುಡುಕುವುದು ಕಷ್ಟವಲ್ಲ. ಇದು ಸಣ್ಣ ವಿಷಯವಲ್ಲ. ನಿಮ್ಮ ತೋಟಾ ಇರುವ ಬ್ಯಾಗ್ ದಾರಿಯಲ್ಲಿ ಎಲ್ಲೋ ಉಳಿದುಹೋದರೆ, ಅಪರೂಪದ ತೋಟಾದವನು ಮೂರು ದಿನ ಕ್ಯಾಂಪಿನಲ್ಲಿ ಕೂತು ಸುಮ್ನೆ ಟೀ ಕುಡಿಯಬೇಕು.

.270 ವಿಂಚೆಸ್ಟರ್ ಮತ್ತು 7x57 ಮೌಸರ್ ಕೂಡ ಒಳ್ಳೆಯವು. 1892ರ ಈ 7x57 ಇಂಗ್ಲೆಂಡಿನಲ್ಲಿ .275 ರಿಗ್ಬಿ ಅನ್ನಿಸಿಕೊಂಡಿತು. ಜಿಮ್ ಕಾರ್ಬೆಟ್ ಬಳಿ ಇದೂ ಇತ್ತು. ಆಫ್ರಿಕಾದ ಹಳೆಯ ಆನೆ ಬೇಟೆಗಾರ ಡಬ್ಲ್ಯೂ.ಡಿ.ಎಂ. ಬೆಲ್ ಇದರಲ್ಲೇ ನೂರಾರು ಆನೆ ಹೊಡೆದ ಅಂತ ಕೆಲವರು ವಾದಕ್ಕೆ ಬರುತ್ತಾರೆ. ಬೆಲ್ ಹೊಡೆದದ್ದು ನಿಜ. ಆದರೆ ಅವನು ಆನೆಯ ತಲೆಬುರುಡೆ ಕೊಯ್ದು ನೋಡಿ ಮಿದುಳು ಎಲ್ಲಿದೆ ಅಂತ ಕಲಿತವನು. ವರ್ಷಕ್ಕೊಮ್ಮೆ ರಜೆ ಹಾಕಿ ಹೋಗುವ ನಾವು ಬೆಲ್ ಅಲ್ಲ.

6.5 ಕ್ರೀಡ್‌ಮೂರ್ ಇವತ್ತು ಎಲ್ಲರ ಬಾಯಲ್ಲಿದೆ. 140 ಗ್ರೇನ್ ಗುಂಡಿನಲ್ಲಿ 3070 ಜೂಲ್ ಸಿಗುತ್ತದೆ, ನಮೀಬಿಯಾದ ಮಿತಿ ದಾಟುತ್ತದೆ. ಇಂಪಾಲ, ಸ್ಪ್ರಿಂಗ್‌ಬಾಕ್, ಬ್ಲೆಸ್‌ಬಾಕ್‌ಗೆ ಇದಕ್ಕಿಂತ ಹಿತವಾದದ್ದು ಇಲ್ಲ. ಕುಡುವಿಗೂ ಆಗುತ್ತದೆ, ಗುಂಡು ಗಟ್ಟಿಯಿದ್ದು ನೀವು ಅವಸರಪಡದಿದ್ದರೆ. ಈಲಂಡ್‌ಗೆ ನಾನು ಒಯ್ಯುವುದಿಲ್ಲ.

.300 ವಿಂಚೆಸ್ಟರ್ ಮ್ಯಾಗ್ನಮ್, 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, .338 ವಿಂಚೆಸ್ಟರ್ ಮ್ಯಾಗ್ನಮ್, ಇವೆಲ್ಲ ದೂರದ ಬಯಲಿಗೆ, ದೊಡ್ಡ ಪ್ರಾಣಿಗೆ ಚೆನ್ನ. ಆದರೆ .30-06ಕ್ಕಿಂತ .300 ಮೂರನೇ ಒಂದು ಭಾಗದಷ್ಟು ಜಾಸ್ತಿ ಒದೆಯುತ್ತದೆ. ಆ ಒದೆತ ನಿಮಗೆ ಲೆಕ್ಕಕ್ಕೇ ಇಲ್ಲದಿದ್ದರೆ ಒಯ್ಯಿರಿ. ಲೆಕ್ಕಕ್ಕೆ ಇದೆಯೋ ಇಲ್ಲವೋ ತಿಳಿಯಲು ಒಂದು ಉಪಾಯವಿದೆ. ಗೆಳೆಯನೊಬ್ಬ ನಿಮಗೆ ಕಾಣದಂತೆ ರೈಫಲ್‌ಗೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಡಮ್ಮಿ ತೋಟಾ ಹಾಕಿಕೊಡಲಿ. ಡಮ್ಮಿ ಇದ್ದಾಗ ಕುದುರೆ ಎಳೆದರೆ ನಳಿಗೆ ಅಲ್ಲಾಡಬಾರದು. ನಾನು ಆಫ್ರಿಕಾದಿಂದ ವಾಪಸ್ ಬಂದಮೇಲೆ ಈ ಪರೀಕ್ಷೆ ಮಾಡಿದೆ. ನಳಿಗೆ ಮೂಗು ಕೆಳಗೆ ಮಾಡಿ ನಮಸ್ಕಾರ ಹಾಕಿತು. ಹೋಗುವ ಮೊದಲೇ ಮಾಡಬೇಕಿತ್ತು, ಅಲ್ವಾ?

.375 ಎಚ್ ಅಂಡ್ ಎಚ್ 1912ರದ್ದು. ಇಂಪಾಲದಿಂದ ಕಾಡೆಮ್ಮೆಯವರೆಗೆ ಒಂದೇ ರೈಫಲ್ ಬೇಕು ಅನ್ನುವವರಿಗೆ ಇದೇ. ಈಲಂಡ್ ಮುಖ್ಯ ಗುರಿಯಾದರೆ ಖಂಡಿತ ಯೋಚಿಸಿ. ಬರೀ ಬಯಲು ಪ್ರಾಣಿಗಳಿಗೆ ಇಷ್ಟು ದೊಡ್ಡದು ಬೇಕಿಲ್ಲ.

ಹೆಜ್ಜೆ 4: ಗುಂಡು. ಇಲ್ಲಿ ಜಿಪುಣತನ ಬೇಡ

ತೋಟಾ ಬಗ್ಗೆ ರಾತ್ರಿಯಿಡೀ ಜಗಳವಾಡುವ ಜನ, ಗುಂಡಿನ ಬಗ್ಗೆ ಎರಡು ನಿಮಿಷ ಯೋಚಿಸುವುದಿಲ್ಲ. ಪ್ರಾಣಿಯನ್ನು ಮುಟ್ಟುವುದು ತೋಟಾದ ಹೆಸರಲ್ಲ, ಗುಂಡು.

ಮಾಮೂಲಿ ಗುಂಡು ಅಂದರೆ ತೆಳು ತಾಮ್ರದ ಹೊದಿಕೆಯೊಳಗೆ ಸೀಸ. ವೇಗವಾಗಿ ಹೋಗಿ ಭುಜದ ಮೂಳೆಗೆ ಬಡಿದರೆ ಇದು ಒಡೆದು ಚೂರಾಗಬಹುದು. ಮೇಲೆ ದೊಡ್ಡ ಗಾಯ, ಒಳಗೆ ಶ್ವಾಸಕೋಶಕ್ಕೆ ತಲುಪಲೇ ಇಲ್ಲ. 1946ರಲ್ಲಿ ಜಾನ್ ನೋಸ್ಲರ್ ಎಂಬಾತ ಕೆನಡಾದಲ್ಲಿ ಮೂಸ್ ಹೊಡೆಯಲು ಹೋದಾಗ ಹೀಗೇ ಆಯಿತು. ಅವನ ಹತ್ತಿರ ಇದ್ದದ್ದು ವೇಗದ .300 ಮ್ಯಾಗ್ನಮ್. ಗುಂಡು ಒಳಗೆ ಇಳಿಯುವ ಮೊದಲೇ ಒಡೆಯುತ್ತಿತ್ತು. ಮನೆಗೆ ಬಂದು ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಇಟ್ಟ. ಮುಂದಿನ ಸೀಸ ಅರಳಲಿ, ಹಿಂದಿನದು ಇಡಿಯಾಗಿ ಉಳಿದು ಒಳಗೆ ನುಗ್ಗಲಿ ಅಂತ. 1948ರಲ್ಲಿ ಅದು ಪಾರ್ಟಿಶನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇವತ್ತಿಗೂ ಒಯ್ಯಬಹುದಾದ ಗುಂಡು.

ಈಗ ಆಯ್ಕೆ ಬಹಳ ಇದೆ. ಹೊದಿಕೆಗೆ ಸೀಸವನ್ನು ಬೆಸೆದ ಗುಂಡುಗಳು ಒಂದು ಬಗೆ: ಸ್ವಿಫ್ಟ್ ಎ-ಫ್ರೇಮ್, ನೋಸ್ಲರ್ ಅಕ್ಯುಬಾಂಡ್. ಸೀಸವೇ ಇಲ್ಲದ ಪೂರ್ತಿ ತಾಮ್ರದ್ದು ಇನ್ನೊಂದು: ಬಾರ್ನ್ಸ್ ಟಿಎಸ್‌ಎಕ್ಸ್, ಟಿಟಿಎಸ್‌ಎಕ್ಸ್. ನಾನು ಈಗ ತಾಮ್ರದ್ದನ್ನೇ ಬಳಸುತ್ತೇನೆ. ಮೂಳೆ ಮುರಿದು ಆಚೆ ಹೊರಗೆ ಹೋಗುತ್ತದೆ. ಎರಡು ತೂತಾದರೆ ನೆತ್ತರ ಜಾಡು ಚೆನ್ನಾಗಿ ಸಿಗುತ್ತದೆ. ಮಾಂಸದಲ್ಲಿ ಸೀಸದ ಪುಡಿ ಇರುವುದಿಲ್ಲ, ಉಳಿದ ಕರುಳು ತಿನ್ನುವ ರಣಹದ್ದುಗಳಿಗೂ ವಿಷವಿಲ್ಲ. ಅಲ್ಲಿ ಮಾಂಸ ದಂಡ ಮಾಡುವುದಿಲ್ಲ. ಕ್ಯಾಂಪಿನ ಊಟಕ್ಕೆ, ಕೆಲಸದವರ ಮನೆಗೆ, ಬಿಲ್ಟಾಂಗ್ ಎಂಬ ಒಣಮಾಂಸಕ್ಕೆ ಹೋಗುತ್ತದೆ.

ಆದರೆ ಎಚ್ಚರ. ಹಿಂದೆ ಇನ್ನೊಂದು ಪ್ರಾಣಿ ನಿಂತಿದ್ದರೆ ಇಂಥ ಗುಂಡು ಇದನ್ನು ದಾಟಿ ಅದಕ್ಕೂ ಬಡಿಯುತ್ತದೆ. ಹಿಂಡಿನಲ್ಲಿ ಒಂಟಿಯಾಗಿ ಬಿಡಿಸಿಕೊಳ್ಳುವವರೆಗೆ ಕಾಯಬೇಕು.

ತೂಕದ ಮಟ್ಟಿಗೆ: .308ಕ್ಕೆ 165ರಿಂದ 180 ಗ್ರೇನ್, .30-06ಕ್ಕೆ 180, .270ಕ್ಕೆ 140ರಿಂದ 150, .375ಕ್ಕೆ 270ರಿಂದ 300. ತಾಮ್ರದ ಗುಂಡಾದರೆ ಒಂದು ಮೆಟ್ಟಿಲು ಹಗುರ ಇದ್ದರೂ ಸಾಕು, ಅದು ತೂಕ ಕಳೆದುಕೊಳ್ಳುವುದಿಲ್ಲ. ಎರಡು ಮೂರು ಬಗೆಯ ಡಬ್ಬಿ ತಂದು ನಿಮ್ಮ ರೈಫಲ್ ಯಾವುದನ್ನು ಮೆಚ್ಚುತ್ತದೆ ನೋಡಿ. ಮೆಚ್ಚಿದ್ದನ್ನು ಹಿಡಿದ ಮೇಲೆ ಬದಲಾಯಿಸಬೇಡಿ.

ಹೆಜ್ಜೆ 5: ರೈಫಲ್ ಮತ್ತು ದುರ್ಬೀನು

ಬೋಲ್ಟ್ ಆಕ್ಷನ್ ಇರಲಿ, ಅಂದರೆ ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳಿ ತೋಟಾ ಏರಿಸುವಂಥದ್ದು. ಟಿಕ್ಕಾ, ವಿಂಚೆಸ್ಟರ್ ಮಾಡೆಲ್ 70, ರೂಗರ್, ರೆಮಿಂಗ್ಟನ್ 700, ಸೀಝಡ್, ಯಾವುದಾದರೂ ಆದೀತು. ಮೌಸರ್ ಥರ ತೋಟಾವನ್ನು ಉಗುರಿನಿಂದ ಹಿಡಿದು ಒಳಗೆ ತಳ್ಳುವ ಬೋಲ್ಟೇ ಬೇಕು ಅನ್ನುವ ಚರ್ಚೆ ಕೇಳಿರುತ್ತೀರಿ. ಮೈಮೇಲೆ ಬರುವ ಕಾಡೆಮ್ಮೆಗೆ ಅದು ಮುಖ್ಯ. ಓಡಿಹೋಗುವ ಇಂಪಾಲಕ್ಕೆ ಏನೂ ಫರಕ್ ಇಲ್ಲ.

ರೈಫಲ್ ಮೇಲೆ ಕೂರಿಸುವ ದುರ್ಬೀನು (ಸ್ಕೋಪ್) ಸೇರಿ ತೂಕ 4 ಕೆಜಿ ಆಸುಪಾಸು ಇರಲಿ. ತೀರ ಹಗುರವಾದರೆ ಒದೆತ ಜಾಸ್ತಿ, ತೀರ ಭಾರವಾದರೆ ದಿನಕ್ಕೆ ಹತ್ತು ಕಿಲೋಮೀಟರ್ ನಡೆಯುವಾಗ ಹೆಗಲು ಶಾಪ ಹಾಕುತ್ತದೆ. ನಳಿಗೆ 22 ಇಂಚು ಸಾಕು.

ದುರ್ಬೀನಿಗೆ 3-9x40 (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, 40 ಮಿ.ಮೀ. ಗಾಜಿನದು) ಸಾಕು, ಪೊದೆಗಾಡಿಗೆ 1.5-6 ಇನ್ನೂ ಚೆನ್ನ. ಯಾವಾಗಲೂ ಕಡಿಮೆ ಮಟ್ಟದಲ್ಲೇ ಇಟ್ಟು ನಡೆಯಿರಿ. 20 ಮೀಟರ್‌ನಲ್ಲಿ ಕುಡು ಎದ್ದು ನಿಂತಾಗ ದುರ್ಬೀನು 9ರಲ್ಲಿದ್ದರೆ ಕಾಣುವುದು ಬರೀ ಕೂದಲು. ಕಣ್ಣಿಗೂ ಗಾಜಿಗೂ ನಡುವೆ 9 ಸೆಂಟಿಮೀಟರ್‌ಗಿಂತ ಕಡಿಮೆ ಜಾಗ ಕೊಡುವ ದುರ್ಬೀನು ಬೇಡ. ಕೊಂಡರೆ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಗ್ಯಾರಂಟಿ.

ಗುರಿಯನ್ನು 200 ಮೀಟರ್‌ಗೆ ಹೊಂದಿಸಿ. .30-06, 180 ಗ್ರೇನ್‌ನಲ್ಲಿ ಗುಂಡು 100 ಮೀಟರ್‌ನಲ್ಲಿ ಆರೇಳು ಸೆಂಟಿಮೀಟರ್ ಮೇಲೆ, 300ರಲ್ಲಿ ಸುಮಾರು 25 ಕೆಳಗೆ ಬೀಳುತ್ತದೆ. ಅಂದರೆ 220 ಮೀಟರ್‌ವರೆಗೆ ಯೋಚನೆ ಇಲ್ಲದೆ ನೇರ ಗುರಿ ಇಡಬಹುದು.

ಹೆಜ್ಜೆ 6: ಎಲ್ಲಿ ಹೊಡೆಯಬೇಕು ಅಂತ ಕಲಿತು ಅದಕ್ಕೆ ತಕ್ಕ ಅಭ್ಯಾಸ

ಅಮೆರಿಕದ ಜಿಂಕೆ ಹೊಡೆದು ಕಲಿತವರು ಇಲ್ಲಿ ಎಡವುತ್ತಾರೆ. ಅವರ ಅಭ್ಯಾಸ ಭುಜದ ಹಿಂದೆ ಗುರಿ ಇಡುವುದು. ಆಫ್ರಿಕಾದ ಪ್ರಾಣಿಗಳ ಹೃದಯ, ಶ್ವಾಸಕೋಶ ಮುಂದಕ್ಕೂ ಕೆಳಕ್ಕೂ ಇರುತ್ತವೆ, ಮುಂಗಾಲುಗಳ ನಡುವೆಯೇ ಅನ್ನಿ. ಅಡ್ಡ ನಿಂತ ಪ್ರಾಣಿಯ ಮುಂಗಾಲಿನ ಗೆರೆ ಹಿಡಿದು ಮೇಲೆ ಬನ್ನಿ. ಎದೆಯ ಕೆಳಗಿನಿಂದ ಮೈಯ ಮೂರನೇ ಒಂದು ಭಾಗ ಏರಿ ನಿಲ್ಲಿ. ಅಲ್ಲಿ.

ವೈಲ್ಡ್‌ಬೀಸ್ಟ್ ಬಹಳ ಮೋಸ ಮಾಡುತ್ತದೆ. ಅದರ ಹೆಗಲ ಉಬ್ಬು ಮತ್ತು ಕೇಸರದಿಂದ ಮೈ ಎತ್ತರ ಕಾಣುತ್ತದೆ, ಗುರಿ ತಾನಾಗಿ ಮೇಲೆ ಹೋಗುತ್ತದೆ. ಜೀಬ್ರಾಕ್ಕೆ ದೇವರೇ ಗುರುತು ಹಾಕಿಟ್ಟಿದ್ದಾನೆ. ಭುಜದ ಮೇಲೆ ಪಟ್ಟೆಗಳು ಸೇರಿ ತ್ರಿಕೋನ ಆಗುವ ಜಾಗ ನೋಡಿ.

ಅಲ್ಲಿ ಯಾರೂ ಬೆಂಚಿನ ಮೇಲೆ ಕೂತು ಹೊಡೆಯುವುದಿಲ್ಲ. ಪಿಎಚ್ ಮೂರು ಕಾಲಿನ ಕೋಲು ನೆಡುತ್ತಾನೆ, ನೀವು ನಿಂತೇ ಹೊಡೆಯಬೇಕು. ಒಂದು ಜೊತೆ ಕೋಲು ಕೊಂಡು ಮನೆಯಲ್ಲೇ ಅಭ್ಯಾಸ ಶುರು ಮಾಡಿ. ದಿನಾ ಹತ್ತು ನಿಮಿಷ, ಖಾಲಿ ರೈಫಲ್, ಎರಡು ಸಲ ನೋಡಿ ಖಾಲಿ ಅಂತ ಖಾತ್ರಿ ಮಾಡಿಕೊಂಡು. ರೇಂಜಿನಲ್ಲಿ 15 ಸೆಂಟಿಮೀಟರ್ ಕಾಗದದ ತಟ್ಟೆ ಇಡಿ. ಕೋಲು ನೆಟ್ಟ ಹತ್ತು ಸೆಕೆಂಡಿನೊಳಗೆ ಹೊಡೆಯಿರಿ. ಐದಕ್ಕೆ ಐದೂ ತಟ್ಟೆಗೆ ಬೀಳುವ ದೂರ ಎಷ್ಟೋ, ನಿಮ್ಮ ಮಿತಿ ಅಷ್ಟೇ. ನನ್ನದು 180 ಮೀಟರ್. ಪಿಎಚ್‌ಗೆ ಮೊದಲ ದಿನವೇ ಹೇಳಿಬಿಡುತ್ತೇನೆ, ನಾಚಿಕೆ ಏನಿಲ್ಲ.

ಟೆಕ್ಸಾಸ್‌ನಲ್ಲಿರುವವರಿಗೆ ಇನ್ನೊಂದು ದಾರಿ ಇದೆ. ಕಳೆದ ಶತಮಾನದಲ್ಲಿ ಕಿಂಗ್ ರ‍್ಯಾಂಚ್‌ನವರು ತಂದು ಬಿಟ್ಟ ನಮ್ಮ ನೀಲಗಾಯಿ ಈಗ ದಕ್ಷಿಣ ಟೆಕ್ಸಾಸ್ ತುಂಬ ಇದೆ. ಗಂಡು 250 ಕೆಜಿ ಮೀರುತ್ತದೆ, ಗಟ್ಟಿ ಜೀವ. ಕುಡುವಿಗೆ ಅಂತ ಆರಿಸಿದ ರೈಫಲ್, ಗುಂಡು ಎರಡನ್ನೂ ಇದರ ಮೇಲೆ ಪರೀಕ್ಷೆ ಮಾಡಬಹುದು.

ಈಡು ಬಿದ್ದ ಕೂಡಲೇ ಇನ್ನೊಂದು ತೋಟಾ ಏರಿಸಿ, ಪ್ರಾಣಿ ನಿಂತಿದ್ದರೆ ಮತ್ತೆ ಹೊಡೆಯಿರಿ. ಬಿತ್ತು ಅಂತ ತಿರುಗಿ ಪಿಎಚ್‌ಗೆ ಕೈ ಕುಲುಕಲು ಹೋಗಬೇಡಿ. ನೆತ್ತರು ಬಿದ್ದ ಮೇಲೆ ಪ್ರಾಣಿ ಸಿಗಲಿ ಬಿಡಲಿ, ಅದರ ಪೂರ್ತಿ ದುಡ್ಡು ಕೊಡಬೇಕು ಅನ್ನುವುದು ಅಲ್ಲಿನ ವಾಡಿಕೆ.

ಹೆಜ್ಜೆ 7: ಕಾಗದಪತ್ರ, ಪೆಟ್ಟಿಗೆ

ಮೊದಲು ಯೋಚಿಸಿ, ರೈಫಲ್ ಒಯ್ಯಲೇಬೇಕೇ? ಕ್ಯಾಂಪಿನಲ್ಲಿ ಬಾಡಿಗೆಗೆ ಸಿಗುತ್ತದೆ. ಹೆಚ್ಚಾಗಿ .308 ಅಥವಾ .30-06, ಸದ್ದು ತಗ್ಗಿಸುವ ಕೊಳವೆ ಹಾಕಿದ್ದು. ಅಲ್ಲಿ ಅದು ಮಾಮೂಲು, ಒದೆತವೂ ಕಡಿಮೆಯಾಗುತ್ತದೆ. ಒಂದೇ ಸಲ ಹೋಗುವವರು, ಎರಡು ವಿಮಾನ ಬದಲಿಸುವವರು ಬಾಡಿಗೆಗೆ ತೆಗೆದುಕೊಂಡರೆ ತಲೆನೋವು ಇಲ್ಲ. ಆದರೆ ಯಾವ ರೈಫಲ್, ಯಾವ ಗುಂಡು ಅಂತ ಮೊದಲೇ ಕೇಳಿ, ಅದೇ ತೋಟಾದ ರೈಫಲ್‌ನಲ್ಲಿ ಊರಲ್ಲಿ ಅಭ್ಯಾಸ ಮಾಡಿ.

ಒಯ್ಯುವುದಾದರೆ, ದಕ್ಷಿಣ ಆಫ್ರಿಕಾಕ್ಕೆ ಎಸ್‌ಎಪಿಎಸ್ 520 ಎಂಬ ಅರ್ಜಿ ಬೇಕು. ಕಪ್ಪು ಶಾಯಿಯಲ್ಲೇ ತುಂಬಿ. ಸಹಿ ಮಾತ್ರ ಅಲ್ಲಿನ ಪೊಲೀಸರ ಎದುರು ಹಾಕಿ. ಕರೆಸಿಕೊಳ್ಳುವವರ ಆಹ್ವಾನ ಪತ್ರ, ರೈಫಲ್ ನಿಮ್ಮದೇ ಅನ್ನುವ ದಾಖಲೆ, ಪಾಸ್‌ಪೋರ್ಟ್, ವಾಪಸ್ ಟಿಕೆಟ್ ಜೊತೆಯಲ್ಲಿರಲಿ. ಒಂದು ರೈಫಲ್‌ಗೆ 200 ತೋಟಾದವರೆಗೆ ಬಿಡುತ್ತಾರೆ. ಸೆಲ್ಫ್ ಡಿಫೆನ್ಸ್‌ಗೆ ಅಂತ ಕೈತಪ್ಪಿಯೂ ಬರೆಯಬೇಡಿ, ಬೇಟೆಗೆ ಅಂತಲೇ ಬರೆಯಿರಿ. ಅಮೆರಿಕದಿಂದ ಹೊರಡುವವರು ಕಸ್ಟಮ್ಸ್ ಕಚೇರಿಗೆ ರೈಫಲ್ ಒಯ್ದು 4457 ನಮೂನೆಗೆ ಮುದ್ರೆ ಹಾಕಿಸಿಕೊಳ್ಳಬೇಕು. ಅಲ್ಲಿ ನಿಮ್ಮ ಒಡೆತನಕ್ಕೆ ಅದೇ ಸಾಕ್ಷಿ, ವಾಪಸ್ ಬರುವಾಗಲೂ ಅದೇ.

ವಿಮಾನದಲ್ಲಿ ಒಬ್ಬರಿಗೆ 5 ಕೆಜಿ ತೋಟಾ ಮಿತಿ. ಶಿಕಾರಿಗೆ 60 ತೋಟಾ ಸಾಕು, .308 ಅಥವಾ .30-06 ಆದರೆ ಅದು 2 ಕೆಜಿ ದಾಟುವುದಿಲ್ಲ. ರೈಫಲ್ ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ, ಬೋಲ್ಟ್ ಬಿಚ್ಚಿ. ತೋಟಾ ಬೇರೆ ಡಬ್ಬಿಯಲ್ಲಿ. ನಡುವೆ ಇಳಿಯುವ ದೇಶದಲ್ಲೂ ಅನುಮತಿ ಬೇಕೇ ಅಂತ ವಿಮಾನ ಕಂಪನಿಗೆ ಬರೆದು ಕೇಳಿ, ಉತ್ತರದ ಪ್ರತಿ ಇಟ್ಟುಕೊಳ್ಳಿ. ರೈಫಲ್ ಮತ್ತು ದುರ್ಬೀನಿನ ನಂಬರು ಬರೆದ ಚೀಟಿ ಜೇಬಿನಲ್ಲಿರಲಿ.

ಕ್ಯಾಂಪ್ ತಲುಪಿದ ಸಂಜೆ ಪಿಎಚ್ ನಿಮ್ಮನ್ನು ಒಂದು ಗುರಿಹಲಗೆಯ ಎದುರು ನಿಲ್ಲಿಸುತ್ತಾನೆ. ದುರ್ಬೀನು ದಾರಿಯಲ್ಲಿ ಅಲುಗಿದೆಯೇ ನೋಡಲು ಅಂತ ಹೇಳುತ್ತಾನೆ. ಅದು ಅರ್ಧ ಸತ್ಯ. ಅವನು ನೋಡುವುದು ನಿಮ್ಮ ಕಣ್ಣು ಮುಚ್ಚುತ್ತದೆಯೋ ಇಲ್ಲವೋ ಅಂತ. ಎರಡನೇ ಸಲ ನಾನು .308 ಹಿಡಿದು ನಿಂತೆ. ಮೂರು ಈಡು ಹೊಡೆದೆ. ಅವನು ಹಲಗೆ ಕಡೆ ತಿರುಗಿಯೂ ನೋಡಲಿಲ್ಲ. "ಬೆಳಗ್ಗೆ ಐದಕ್ಕೆ ಎದ್ದೇಳಿ" ಅಂದು ಟೀ ಕುಡಿಯಲು ಹೋದ.